ಮಗಳಿಗೆ ಹೊಸ ಬಗೆಯ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗಳು ಹುಟ್ಟುವ ಮೊದಲೇ ಹೆಸರು ಹುಡುಕಲು ಕೂತಿದ್ದೆವು. ಹುಟ್ಟಿ ಎರಡು ತಿಂಗಳಾದರೂ ಹುಡುಕಾಟ ಮುಗಿದಿರಲಿಲ್ಲ. ಫೋನಿನಲ್ಲಿ ಇನ್ನೂರು ಹೆಸರು, ಡೈರಿಯಲ್ಲಿ ನಲವತ್ತು, ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಹತ್ತು. ಕೊನೆಗೆ ಆ ಹತ್ತರಲ್ಲಿ ಇಲ್ಲದ ಒಂದು ಹೆಸರು ಇಟ್ಟೆವು. ಅವಳನ್ನು ಎತ್ತಿಕೊಂಡು ಓಡಾಡುವಾಗ ನನ್ನ ಬಾಯಿಗೆ ತಾನಾಗಿ ಬಂದ ಹೆಸರು ಅದು. ಆವತ್ತಿನಿಂದ ಗೆಳತಿಯರು, ನೆಂಟರು, ಅವರ ಪರಿಚಯದವರು ನನ್ನನ್ನು ಕೇಳುತ್ತಲೇ ಇದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಹೆಸರನ್ನು ಪಟ್ಟಿಯಲ್ಲಿ ಓದಿ ಆರಿಸಬೇಡಿ, ಮನೆಯಲ್ಲಿ ಕೂಗಿ ನೋಡಿ ಆರಿಸಿ.

ಹೊಸ ಹೆಸರು ಅಂದರೆ ಯಾರೂ ಇಟ್ಟಿರದ ಹೆಸರೇ ಆಗಬೇಕಾ?

ಬೇಡ. ಯಾರೂ ಇಟ್ಟಿಲ್ಲ ಅಂದರೆ ಕೆಲವು ಸಲ ಅದಕ್ಕೆ ಕಾರಣವೂ ಇರುತ್ತದೆ. ಕ್ಲಾಸಿನಲ್ಲಿ ಟೀಚರ್ ಹೆಸರು ಕರೆದಾಗ ನಾಲ್ಕು ಹುಡುಗಿಯರು ಒಟ್ಟಿಗೆ ತಿರುಗಿ ನೋಡಬಾರದು ಅನ್ನುವುದಷ್ಟೇ ಬಹಳ ತಂದೆತಾಯಿಯರ ಆಸೆ. ಅದಕ್ಕೆ ಜಗತ್ತಿನಲ್ಲೇ ಇಲ್ಲದ ಹೆಸರು ಹುಟ್ಟಿಸಬೇಕಾಗಿಲ್ಲ. ಈಗ ಯಾರೂ ಜಾಸ್ತಿ ಇಡದ ಹೆಸರು ಸಿಕ್ಕರೆ ಸಾಕು.

ಒಂದು ಎಚ್ಚರ ಮಾತ್ರ ಬೇಕು. ಎಲ್ಲರೂ ಬೇರೆ ಥರ ಹೆಸರು ಹುಡುಕುತ್ತಾ ಹೋಗಿ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ಸಾನ್ವಿ, ತನ್ವಿ, ಮಾನ್ವಿ, ಶಾನ್ವಿ, ಜಾನ್ವಿ. ಒಂದೊಂದೂ ಕೇಳೋಕೆ ಚೆನ್ನಾಗಿದೆ. ಆದರೆ ಐವರೂ ಒಂದೇ ಬಸ್ಸಿನಲ್ಲಿ ಕೂತರೆ ಆಯಾಗೆ ಎಷ್ಟು ಕಷ್ಟ ಅಂತ ಯೋಚಿಸಿ. ಹೆಸರಿನ ಮೊದಲ ಅಕ್ಷರ ಬೇರೆ ಆದ ಮಾತ್ರಕ್ಕೆ ಹೆಸರು ಬೇರೆ ಆಗುವುದಿಲ್ಲ. ದೂರದಿಂದ ಕರೆದಾಗ ಕಿವಿಗೆ ಬೀಳುವುದು ಆ ಕೊನೆಯ "ನ್ವಿ" ಮಾತ್ರ.

ಇಂಟರ್ನೆಟ್‌ನಲ್ಲಿ ಕೊಟ್ಟಿರುವ ಅರ್ಥ ನಂಬಬಹುದಾ?

ಸುಮ್ನೆ ನಂಬಬೇಡಿ. ಈ ವಿಷಯದಲ್ಲಿ ನನಗೆ ತುಂಬಾ ಬೇಜಾರಾಗಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹೆಸರಿನ ಪಟ್ಟಿಗಳಲ್ಲಿ ಯಾವ ಹೆಸರಿಗೆ ಅರ್ಥ ಗೊತ್ತಾಗಲಿಲ್ಲವೋ ಅದಕ್ಕೆ "ಲಕ್ಷ್ಮಿ ದೇವಿ" ಅಥವಾ "ದುರ್ಗೆಯ ಇನ್ನೊಂದು ಹೆಸರು" ಅಂತ ಬರೆದುಬಿಡುತ್ತಾರೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅದೇ ಹೋಗುತ್ತದೆ. ಹತ್ತು ಕಡೆ ಒಂದೇ ಅರ್ಥ ಕಂಡಾಗ ನಾವು ನಿಜ ಅಂದುಕೊಳ್ಳುತ್ತೇವೆ, ಅಲ್ವಾ? ಹತ್ತೂ ಕಡೆ ಇರುವುದು ಒಂದೇ ನಕಲು.

ತನ್ವಿ ನಿಜವಾದ ಸಂಸ್ಕೃತ ಪದ. ತೆಳ್ಳನೆಯವಳು, ನಾಜೂಕಾದವಳು ಅಂತ ಅರ್ಥ. ಜಾಹ್ನವಿ ಅಂದರೆ ಗಂಗೆ, ಜಹ್ನು ಮುನಿಯ ಮಗಳು. ಅದನ್ನು ಸುಲಭ ಮಾಡಿ ಜಾನ್ವಿ ಮಾಡಿದರೆ ಆ ಜಹ್ನುವೇ ಕಳೆದುಹೋಗುತ್ತಾನೆ. ಜಾನು ಅಂದರೆ ಸಂಸ್ಕೃತದಲ್ಲಿ ಮೊಣಕಾಲು. ಆದ್ಯಾ ಅಂದರೆ ಮೊದಲನೆಯವಳು. ಅದರಲ್ಲಿ ಇರುವುದು ಅಲ್ಪಪ್ರಾಣದ "ದ". ಚೆಂದ ಕಾಣಲಿ ಅಂತ "ಆಧ್ಯಾ" ಮಾಡಿದರೆ ಮೊದಲನೆಯವಳು ಅನ್ನುವ ಅರ್ಥ ಉಳಿಯುವುದಿಲ್ಲ. ಇರಾ ಹಳೆಯ ಪದವೇ, ಭೂಮಿ, ನೀರು, ಮಾತು ಅನ್ನುವ ಅರ್ಥಗಳಿವೆ. ಅಹನಾ ಋಗ್ವೇದದಲ್ಲಿ ಉಷಸ್ಸಿಗೆ, ಅಂದರೆ ಬೆಳಗಿನ ದೇವತೆಗೆ ಇರುವ ಹೆಸರು. ಕಿಯಾರಾ ಸಂಸ್ಕೃತವೇ ಅಲ್ಲ. ಇಟಲಿಯವರ ಕಿಯಾರಾ ಅಂದರೆ ತಿಳಿಯಾದವಳು, ಬೆಳಗುವವಳು. ಐರ್ಲೆಂಡಿನಲ್ಲಿ ಹೆಚ್ಚುಕಡಿಮೆ ಹೀಗೇ ಕೇಳುವ ಇನ್ನೊಂದು ಹೆಸರಿದೆ, ಅದರ ಅರ್ಥ ಕಪ್ಪು ಬಣ್ಣದವಳು. ಎರಡೂ ಒಳ್ಳೆಯ ಹೆಸರೇ. ಆದರೆ ಅದಕ್ಕೆ "ಪಾರ್ವತಿ" ಅಂತ ಅರ್ಥ ಕಟ್ಟಿ ಮಗುವಿಗೆ ಹೇಳಿಕೊಡಬೇಡಿ. ದೊಡ್ಡವಳಾದ ಮೇಲೆ ಅವಳೇ ಹುಡುಕುತ್ತಾಳೆ.

ಹಾಗಾದರೆ ಎಲ್ಲಿ ನೋಡಬೇಕು? ನಿಘಂಟು ನೋಡಿ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರದ್ದು, ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಲೈಬ್ರರಿಗಳಲ್ಲಿ ಸಿಗುತ್ತದೆ. ಸಂಸ್ಕೃತ ಪದವಾದರೆ ಮೋನಿಯರ್ ವಿಲಿಯಮ್ಸ್ ನಿಘಂಟು ಆನ್‌ಲೈನ್‌ನಲ್ಲೇ ಇದೆ. ಅಷ್ಟೂ ಬೇಡ ಅಂದರೆ ಗೊತ್ತಿರುವ ಕನ್ನಡ ಅಥವಾ ಸಂಸ್ಕೃತ ಮೇಷ್ಟ್ರಿಗೆ ಒಂದು ಫೋನ್ ಮಾಡಿ. ಇಂಥ ಪ್ರಶ್ನೆ ಕೇಳಿದರೆ ಅವರಿಗೆ ಖುಷಿಯಾಗುತ್ತದೆ.

ಅರ್ಥ ಇರಲೇಬೇಕಾ?

ಇರಲೇಬೇಕು ಅಂತ ನಾನು ಹೇಳುವುದಿಲ್ಲ. ಕಿವಿಗೆ ಇಂಪಾಗಿದೆ, ನಮಗೆ ಇಷ್ಟ ಆಯಿತು ಅನ್ನುವುದೂ ಒಂದು ಕಾರಣವೇ. "ನಂಗ್ಯಾಕೆ ಈ ಹೆಸರು ಇಟ್ರಿ?" ಅಂತ ಮಗು ಕೇಳಿದಾಗ ಆ ನಿಜವನ್ನೇ ಹೇಳಿ. ಸುಳ್ಳು ಅರ್ಥ ಬೇಡ, ಅಷ್ಟೇ.

ಅಚ್ಚ ಕನ್ನಡದ ಹೆಸರು ಇಡಬೇಕು ಅಂತ ಆಸೆ. ಯಾವುದಿವೆ?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಅಕ್ಕರೆ. ನಮ್ಮ ಹೆಸರುಗಳಲ್ಲಿ ಸಂಸ್ಕೃತವೇ ಜಾಸ್ತಿ ಆಗಿ, ಕನ್ನಡದ ಪದಗಳು ಮುದ್ದಿನ ಹೆಸರಾಗಿ ಮಾತ್ರ ಉಳಿದುಬಿಟ್ಟಿವೆ. ಹಾಗಾಗಿ ಈಗ ಕನ್ನಡದ್ದೇ ಪದ ಇಟ್ಟರೆ ಅದೇ ಅಪರೂಪದ ಹೆಸರು.

ಇಬ್ಬನಿ, ಇಂಚರ, ಸಿರಿ ಈಗ ಅಲ್ಲಲ್ಲಿ ಕೇಳಿಬರುತ್ತಿವೆ. ಇಂಚರ ಅಂದರೆ ಇನಿದಾದ ಸರ, ಹಕ್ಕಿಗಳ ಸವಿಯಾದ ದನಿ. ಇಲ್ಲಿ ಸರ ಅಂದರೆ ಸ್ವರ. ಸಿರಿ ಅನ್ನುವುದು "ಶ್ರೀ"ಯ ಕನ್ನಡ ರೂಪ. ತುಳುನಾಡಿನವರಿಗೆ ಸಿರಿ ಬರೀ ಪದವಲ್ಲ, ಪಾಡ್ದನದಲ್ಲಿ, ಅಂದರೆ ತುಳುವಿನ ಹಾಡುಗಥೆಯಲ್ಲಿ ಬರುವ ಅವರ ದೊಡ್ಡ ನಾಯಕಿ. ಎರಡೇ ಅಕ್ಷರದಲ್ಲಿ ಎಷ್ಟು ತುಂಬಿದೆ ನೋಡಿ. ಇವುಗಳ ಜೊತೆಗೆ ಇನಿದನಿ, ಒಲುಮೆ, ನಲ್ಮೆ, ಚುಕ್ಕಿ, ಮುಗುಳು, ಹೊಂಬೆಳಕು, ಬೆಳದಿಂಗಳು, ಸಂಪಿಗೆ, ಮಲ್ಲಿಗೆ ಇವನ್ನೂ ಬಾಯಲ್ಲಿ ಹೇಳಿ ನೋಡಿ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಹೆಸರಿಡುವಾಗ ಹೊಳೆಯುವುದಿಲ್ಲ, ಆಮೇಲೆ ದಿನಾ ಎದುರಾಗುತ್ತದೆ. ಹೆಸರಿಗೆ ನಾವು ಬರೀ ಹೆಸರಾಗಿ ಇರೋಕೆ ಬಿಡುವುದಿಲ್ಲ. ಗೆ, ಅನ್ನು, ಇಂದ ಎಲ್ಲಾ ಸೇರಿಸುತ್ತೇವೆ. ಇಬ್ಬನಿ ಬಂದಳು, ಇಬ್ಬನಿಗೆ ಜ್ವರ, ಇಬ್ಬನಿಯನ್ನು ಕರೆದುಕೊಂಡು ಬಾ. ಸಲೀಸಾಗಿ ಹೋಗುತ್ತದೆ. ಈಗ ಒಲವು ಅಂತ ಇಟ್ಟಿದ್ದೀರಿ ಅಂದುಕೊಳ್ಳಿ. "ಒಲವಿಗೆ ಊಟ ಹಾಕು" ಅನ್ನುತ್ತೀರಾ, "ಒಲವುಗೆ ಊಟ ಹಾಕು" ಅನ್ನುತ್ತೀರಾ? ಮೊದಲನೆಯದು ಪದ್ಯದ ಸಾಲಿನ ಹಾಗಿದೆ, ಎರಡನೆಯದು ನಾಲಿಗೆಗೆ ತೊಡಕು. ಬೆಳದಿಂಗಳು ಅಂತ ಇಟ್ಟರೆ "ಬೆಳದಿಂಗಳು ಬಂದಳು" ಅನ್ನಬೇಕಾದಲ್ಲಿ ಬಾಯಿ ತಾನಾಗಿ "ಬಂತು" ಅನ್ನುತ್ತದೆ. "ಉ" ಸ್ವರದಲ್ಲಿ ಮುಗಿಯುವ ಕನ್ನಡ ಪದಗಳು ನಮ್ಮ ಕಿವಿಗೆ ವಸ್ತುವಿನ ಹಾಗೆ ಕೇಳುತ್ತವೆ. ಇ, ಎ, ಅ ಸ್ವರಗಳಲ್ಲಿ ಮುಗಿಯುವ ಪದ ಹೆಣ್ಣುಮಗುವಿನ ಹೆಸರಾಗಿ ಬೇಗ ಹೊಂದಿಕೊಳ್ಳುತ್ತದೆ. ಇದು ನಿಯಮ ಅಲ್ಲ. ಮಿಂಚು ಅಂತ ಇಟ್ಟು ಇಡೀ ಮನೆ ಅದಕ್ಕೆ ಒಗ್ಗಿಕೊಂಡರೆ ಯಾರು ಬೇಡ ಅನ್ನುತ್ತಾರೆ?

ಇನ್ನೊಂದು. ಕೆಲವು ಪದಗಳ ಹಳೆಯ ಅರ್ಥ ಈಗ ಹಿಂದೆ ಸರಿದಿದೆ. ತಿಂಗಳು ಅಂದರೆ ಮೊದಲು ಚಂದ್ರ, ಬೆಳದಿಂಗಳಿನಲ್ಲಿ ಇರುವುದು ಅದೇ. ಆದರೆ ತಿಂಗಳು ಅಂತ ಒಂಟಿಯಾಗಿ ಹೆಸರಿಟ್ಟರೆ ಇವತ್ತಿನ ಮಕ್ಕಳಿಗೆ ಕೇಳುವುದು ಜನವರಿ, ಫೆಬ್ರವರಿ. ನಾನಾದರೆ ಇಡುವುದಿಲ್ಲ.

ನದಿಯ ಹೆಸರು ಇಡಬೇಕು ಅಂದುಕೊಂಡಿದ್ದೇವೆ. ಹಿರಿಯರು ಬೇಡ ಅನ್ನುತ್ತಿದ್ದಾರೆ. ಯಾಕೆ?

ಈ ಮಾತಿಗೆ ಹಳೆಯ ಬೇರು ಇದೆ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ಎಂಥ ಹುಡುಗಿಯನ್ನು ಮದುವೆಯಾಗಬಾರದು ಅಂತ ಒಂದು ಪಟ್ಟಿ ಇದೆ. ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು ಇವುಗಳ ಹೆಸರಿರುವ ಹುಡುಗಿ ಬೇಡ ಅನ್ನುತ್ತದೆ ಅದು. ಹಿರಿಯರಿಗೆ ಶ್ಲೋಕ ಗೊತ್ತಿರಲಿ ಬಿಡಲಿ, ಆ ಮಾತು ಹೇಗೋ ಮನೆಮನೆಗೆ ಬಂದಿದೆ.

ಆದರೆ ನಮ್ಮ ಜನ ಅದನ್ನು ಕೇಳಿದರಾ? ರೋಹಿಣಿ, ರೇವತಿ ನಕ್ಷತ್ರಗಳು. ಗಂಗಾ, ಯಮುನಾ, ಸರಸ್ವತಿ, ಕಾವೇರಿ ನದಿಗಳು. ಈ ಹೆಸರಿನ ಅಜ್ಜಿಯರು ಎಲ್ಲಾ ಊರಲ್ಲೂ ಇದ್ದಾರೆ, ಮದುವೆಯಾಗಿ ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದಾರೆ. ಹಾಗಾಗಿ ಧೈರ್ಯವಾಗಿ ಇಡಿ. ನಮ್ಮ ನಾಡಿನ ನದಿಗಳ ಹೆಸರು ಹೇಳುತ್ತಾ ಹೋದರೆ ಬಾಯಿ ತಂಪಾಗುತ್ತದೆ: ತುಂಗಾ, ಭದ್ರಾ, ಶರಾವತಿ, ವರದಾ, ಹೇಮಾವತಿ, ನೇತ್ರಾವತಿ, ಕಪಿಲಾ, ಅರ್ಕಾವತಿ, ಶಿಂಷಾ, ಸೌಪರ್ಣಿಕಾ, ವಾರಾಹಿ, ಶಾಂಭವಿ, ಪಯಸ್ವಿನಿ. ವರದಾ, ಶಿಂಷಾ, ತುಂಗಾ ಎರಡು ಮೂರು ಅಕ್ಷರದವು, ಈಗಿನ ಯಾವ ಹೊಸ ಹೆಸರಿಗೂ ಕಡಿಮೆ ಇಲ್ಲ. ನಿಮ್ಮ ಊರಿನ ಪಕ್ಕದಲ್ಲೇ ಹರಿಯುವ ನದಿಯಾದರೆ ಇನ್ನೂ ಚೆಂದ. ಮಗಳಿಗೆ ಅವಳ ಹೆಸರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಬಹುದು.

ಅಜ್ಜಿಯ ಹೆಸರು ಇಡಬೇಕು, ಆದರೆ ಅದು ಹಳೆಯದಾಯಿತು ಅನ್ನುತ್ತಾರೆ. ಏನು ಮಾಡೋದು?

ಹಳೆಯ ಹೆಸರುಗಳೇ ಈಗ ಅಪರೂಪ. ನಲವತ್ತು ವರ್ಷ ಯಾರೂ ಇಡದೆ ಬಿಟ್ಟ ಹೆಸರು ಮತ್ತೆ ಹೊಸದಾಗುತ್ತದೆ. ಹೊನ್ನಮ್ಮ ಅನ್ನುವುದನ್ನು ನೋಡಿ. ಹೊನ್ನು ಅಂದರೆ ಚಿನ್ನ. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿ ಹೊನ್ನಮ್ಮ ಹೆಣ್ಣೇನು, ಗಂಡೇನು ಅಂತ ಕೇಳಿದ ಕವಿ. ಹಳಗನ್ನಡದ "ಪ" ಆಮೇಲೆ "ಹ" ಆಗಿದ್ದರಿಂದ ಪೊನ್ನು ನಮ್ಮಲ್ಲಿ ಹೊನ್ನು ಆಯಿತು. ತಮಿಳರು ಕಾವೇರಿಯನ್ನು ಈಗಲೂ ಪೊನ್ನಿ ಅನ್ನುತ್ತಾರೆ. ಹೊನ್ನಿ ಅಂತ ಇಟ್ಟರೆ ಅದೊಂದು ಪುಟ್ಟ, ಬೆಚ್ಚಗಿನ ಹೆಸರು.

ಶಾಂತಲಾ ಹೊಯ್ಸಳರ ರಾಣಿ, ವಿಷ್ಣುವರ್ಧನನ ಹೆಂಡತಿ. ಕುಣಿತ, ಹಾಡು ಎರಡರಲ್ಲೂ ಹೆಸರಾದವಳು. ಅಬ್ಬಕ್ಕ ಉಳ್ಳಾಲದಲ್ಲಿ ಪೋರ್ಚುಗೀಸರ ವಿರುದ್ಧ ನಿಂತವಳು. ಅತ್ತಿಮಬ್ಬೆ ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು, ಅದೂ ಹತ್ತನೇ ಶತಮಾನದಲ್ಲಿ, ಒಂದೊಂದನ್ನೂ ಕೈಯಲ್ಲಿ ಬರೆಯಬೇಕಿದ್ದ ಕಾಲದಲ್ಲಿ. ಇಂಥ ಹೆಸರು ಇಟ್ಟರೆ ಮಗುವಿಗೆ ಒಂದು ಕಥೆಯೂ ಸಿಗುತ್ತದೆ.

ಪೂರ್ತಿ ಹೆಸರು ಭಾರ ಅನ್ನಿಸಿದರೆ ಅದರ ಒಳಗಿನ ಒಂದು ತುಣುಕನ್ನು ತೆಗೆದುಕೊಳ್ಳಿ. ಅಜ್ಜಿ ಗೌರಮ್ಮ ಆದರೆ ಮಗು ಗೌರಿ. ನೀಲಮ್ಮ ಆದರೆ ನೀಲಾ. ಚೆನ್ನಮ್ಮ ಆದರೆ ಚೆನ್ನೆ. ಅಜ್ಜಿ ಬದುಕಿದ್ದರೆ ಒಂದು ಮಾತು ಕೇಳಿ. ಕೆಲವರಿಗೆ ತಮ್ಮ ಹೆಸರು ಮೊಮ್ಮಗಳಿಗೆ ಬಂತಲ್ಲ ಅಂತ ಕಣ್ಣು ತುಂಬುತ್ತದೆ. ಕೆಲವರು "ಅಯ್ಯೋ, ನನ್ನ ಹೆಸರು ನನಗೇ ಇಷ್ಟ ಇರ್ಲಿಲ್ಲ ಕಣೆ, ಬೇಡ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಎರಡನೆಯದು. ಅವರ ಮಾತನ್ನು ನಾವು ಮೀರಲಿಲ್ಲ.

ಜಾತಕದಲ್ಲಿ ಬಂದ ಅಕ್ಷರಕ್ಕೆ ಒಳ್ಳೆಯ ಹೆಸರೇ ಇಲ್ಲ!

ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೂ ನಾಲ್ಕು ಪಾದ, ಒಟ್ಟು 108 ಅಕ್ಷರ. ರೋಹಿಣಿಯವರಿಗೆ ಓ, ವಾ, ವೀ, ವೂ, ಅವರ ಪುಣ್ಯ. ಹಸ್ತಾ ನಕ್ಷತ್ರದ ನಾಲ್ಕು ಅಕ್ಷರಗಳಲ್ಲಿ ಣ ಮತ್ತು ಠ ಇವೆ. ಆರ್ದ್ರಾದಲ್ಲಿ ಙ ಇದೆ. ಣ ಅಥವಾ ಙ ಇಂದ ಶುರುವಾಗುವ ಹೆಸರು ಎಲ್ಲಿಂದ ತರುತ್ತೀರಿ?

ಇದಕ್ಕೆ ದಾರಿ ಮೊದಲಿನಿಂದಲೂ ಇದೆ. ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೇಳುವ ಹೆಸರುಗಳಲ್ಲಿ ನಕ್ಷತ್ರದ್ದೂ ಒಂದು ಇರಲಿ. ಶಾಲೆಗೆ, ದಾಖಲೆಗೆ ನಿಮಗೆ ಇಷ್ಟವಾದದ್ದು ಇರಲಿ. ಪುರೋಹಿತರನ್ನು ಕೇಳಿದರೆ ಅವರೇ ಇದನ್ನು ಹೇಳುತ್ತಾರೆ. ಅಕ್ಷರಕ್ಕೆ ಕಟ್ಟುಬಿದ್ದು ಇಷ್ಟವಿಲ್ಲದ ಹೆಸರನ್ನು ದಿನಾ ಕರೆಯುವ ಅಗತ್ಯ ಇಲ್ಲ.

ನ್ಯೂಮರಾಲಜಿ ಪ್ರಕಾರ ಒಂದು ಅಕ್ಷರ ಜಾಸ್ತಿ ಸೇರಿಸಿ ಅಂದಿದ್ದಾರೆ.

ಸೇರಿಸಬೇಡಿ ಅಂತಲೇ ನನ್ನ ಸಲಹೆ. ಎರಡು ಎ, ಮೂರು ಎ, ಕೊನೆಗೊಂದು ಎಚ್. ಜೀವನಪೂರ್ತಿ ಆ ಮಗು ಕೌಂಟರ್‌ಗಳ ಮುಂದೆ ನಿಂತು ತನ್ನ ಹೆಸರಿನ ಸ್ಪೆಲ್ಲಿಂಗ್ ಬಿಡಿಸಿ ಹೇಳುತ್ತಾ ಇರಬೇಕಾಗುತ್ತದೆ. ಆ ತೊಂದರೆ ಯಾವ ಲೆಕ್ಕದಲ್ಲೂ ಬಂದಿರುವುದಿಲ್ಲ.

ಕೂಗಿ ನೋಡಿ ಅಂದಿರಲ್ಲ, ಅದು ಹೇಗೆ?

ನಿಜವಾಗಿ ಕೂಗಿ. ಅಡುಗೆಮನೆಯಿಂದ ರೂಮಿಗೆ, ಮಹಡಿಯಿಂದ ಅಂಗಳಕ್ಕೆ. ಕನ್ನಡದಲ್ಲಿ ಕರೆಯುವಾಗ ಹೆಸರಿನ ಕೊನೆ ಉದ್ದವಾಗುತ್ತದೆ: ಸಿರೀ, ವರದಾ, ಇಬ್ಬನೀ. ಕೊನೆಯಲ್ಲಿ ಎಳೆಯಲು ಜಾಗ ಇಲ್ಲದ ಹೆಸರು ದೂರಕ್ಕೆ ಹೋಗುವುದಿಲ್ಲ. ಗೃಹ್ಯಸೂತ್ರಗಳಲ್ಲಿ, ಅಂದರೆ ಮನೆಯ ಶಾಸ್ತ್ರಗಳನ್ನು ಹೇಗೆ ಮಾಡಬೇಕು ಅಂತ ಹೇಳುವ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ, ಹೆಣ್ಣುಮಗುವಿನ ಹೆಸರು ಬೆಸ ಸಂಖ್ಯೆಯ ಅಕ್ಷರದ್ದಾಗಿರಲಿ, "ಆ" ಸ್ವರದಲ್ಲಿ ಮುಗಿಯಲಿ ಅಂತ ಇದೆ. ಬೆಸ ಸಂಖ್ಯೆಯ ಮಾತು ಬಿಡಿ, ಕೊನೆಯ ದೀರ್ಘದ ಮಾತು ಕೂಗುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಆಮೇಲೆ ಸಿಟ್ಟಿನಲ್ಲಿ ಕೂಗಿ ನೋಡಿ. ಆಮೇಲೆ ಪಿಸುದನಿಯಲ್ಲಿ, ಮಲಗಿಸುವಾಗ ಹೇಳುವ ಹಾಗೆ. ಅಜ್ಜನ ಬಾಯಲ್ಲಿ ಹೇಳಿಸಿ. ಹಲವರ ಮಾತಿನಲ್ಲಿ "ಹ" ಬಿದ್ದುಹೋಗುತ್ತದೆ, ಹಾಸಿನಿ ಆಸಿನಿ ಆಗುತ್ತಾಳೆ. "ಶ" ಹಲವರ ಬಾಯಲ್ಲಿ "ಸ" ಆಗುತ್ತದೆ. ಅದರಲ್ಲಿ ತಪ್ಪು ಹಿಡಿಯುವಂಥದ್ದು ಏನೂ ಇಲ್ಲ, ಪ್ರೀತಿಯಿಂದ ಕರೆಯುವ ಬಾಯಿ ಅದು. ಆದರೆ ನೀವು ಒತ್ತಕ್ಷರದ ಮೇಲೆ ಒತ್ತಕ್ಷರ ಇರುವ ಹೆಸರಿಟ್ಟು, ಅದನ್ನು ಹೇಳಲಾಗದ ಅಜ್ಜನನ್ನು ದಿನಾ ತಿದ್ದುತ್ತಾ ಕೂತರೆ ಅವರು ಮೊಮ್ಮಗಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಡುತ್ತಾರೆ, "ಪುಟ್ಟಿ" ಅಂತ ಕರೆದು ಸುಮ್ಮನಾಗುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಕ್ಕಳು ಆಡಿಕೊಳ್ಳುತ್ತಾರೆ ಅನ್ನುವ ಭಯ.

ಎಲ್ಲಾ ಹೆಸರನ್ನೂ ಮಕ್ಕಳು ತಿರುಚುತ್ತಾರೆ. ಅದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಬೇರೆ ಭಾಷೆಯಿಂದ ಬಂದ ಹೆಸರು ಕನ್ನಡದಲ್ಲಿ ಏನಾಗಿ ಕೇಳುತ್ತದೆ ಅಂತ ಮೊದಲೇ ನೋಡಿ. ಝಾರಾ ಚೆಂದದ ಹೆಸರು, ಆದರೆ ನಮ್ಮಲ್ಲಿ "ಝ" ಹೋಗಿ "ಜ" ಆಗುತ್ತದೆ, ಜಾರ ಅಂದರೆ ಕನ್ನಡದಲ್ಲಿ ಒಳ್ಳೆಯ ಮಾತಲ್ಲ. ಮೀಶಾ ಮೀಸೆಗೆ ಹತ್ತಿರ. ಕಾಯಾ ಎರಡನೇ ದಿನಕ್ಕೆ ಕಾಯಿ. ನೀರಾ ಅಂದ ತಕ್ಷಣ ತೆಂಗಿನ ಮರದಿಂದ ಇಳಿಸುವ ನೀರಾ ನೆನಪಾಗುತ್ತದೆ. ನಿಮಗೆ ಅದು ಪರವಾಗಿಲ್ಲ ಅನ್ನಿಸಿದರೆ ಇಡಿ. ಗೊತ್ತಿದ್ದು ಇಡಿ, ಅಷ್ಟೇ.

ಪಕ್ಕದ ಮನೆಯ ಏಳೆಂಟು ವರ್ಷದ ಮಗುವಿಗೆ ಹೆಸರು ಹೇಳಿ, "ಇದು ಹೇಗಿದೆ?" ಅಂತ ಕೇಳಿ. ದೊಡ್ಡವರು ಸಂಕೋಚಕ್ಕೆ ಚೆನ್ನಾಗಿದೆ ಅನ್ನುತ್ತಾರೆ. ಮಕ್ಕಳು ಅನ್ನುವುದಿಲ್ಲ.

ಅಪ್ಪ ಅಮ್ಮ ಇಬ್ಬರ ಹೆಸರಿನ ಅಕ್ಷರ ಸೇರಿಸಿ ಹೆಸರು ಮಾಡಬಹುದಾ?

ಮಾಡಬಹುದು, ಆಸೆ ಒಳ್ಳೆಯದೇ. ಆದರೆ ಸೇರಿಸಿದ ಮೇಲೆ ಕನ್ನಡದಲ್ಲಿ ಬರೆದು ನೋಡಿ. ವಿನಯ್ ಮತ್ತು ಶಾಂತಾ ಸೇರಿದರೆ "ವಿಶಾ". ಕೇಳಿದವರು "ವಿಷ" ಅಂತ ಬರೆದುಕೊಳ್ಳುತ್ತಾರೆ. ಇಬ್ಬರಿಗೂ ಇಷ್ಟವಾದ ಒಂದು ಊರು, ಒಂದು ರಾಗ, ಒಂದು ಹೂವು ನೆನಪಿಗೆ ಬಂದರೆ ಅದರಲ್ಲಿ ಇಬ್ಬರೂ ಇನ್ನೂ ಚೆನ್ನಾಗಿ ಸೇರುತ್ತಾರೆ. ರಾಗಗಳಲ್ಲೇ ಎಷ್ಟಿವೆ: ಹಂಸಧ್ವನಿ, ಆಭೇರಿ, ರಂಜನಿ, ಶಿವರಂಜಿನಿ, ಅಮೃತವರ್ಷಿಣಿ.

ಅನನ್ಯ ಬರೆಯಬೇಕಾ, ಅನನ್ಯಾ ಬರೆಯಬೇಕಾ?

ಸಂಸ್ಕೃತದ ಪ್ರಕಾರ ಹೆಣ್ಣಿಗೆ ಕೊನೆಯಲ್ಲಿ ದೀರ್ಘ ಬೇಕು, ಅನನ್ಯಾ. ಕನ್ನಡ ಆ ದೀರ್ಘವನ್ನು ಉಳಿಸಿಕೊಳ್ಳುವುದಿಲ್ಲ. ಸೀತಾ ಸೀತೆ ಆಗುತ್ತಾಳೆ, ಲತಾ ಲತೆ, ಇಲ್ಲವಾದರೆ ದೀರ್ಘ ಹೋಗಿ ಬರೀ "ಅ" ಉಳಿಯುತ್ತದೆ. ಎರಡೂ ನಡೆಯುತ್ತದೆ. ಒಂದನ್ನು ಆರಿಸಿ, ಎಲ್ಲಾ ಕಡೆ ಅದನ್ನೇ ಬರೆಯಿರಿ.

ಇಂಗ್ಲಿಷ್ ಸ್ಪೆಲ್ಲಿಂಗ್ ಹೇಗೆ ತೀರ್ಮಾನಿಸೋದು?

ಇದಕ್ಕೆ ಒಂದು ಸಂಜೆ ಕೂತು ಯೋಚಿಸಿ, ಯಾಕೆಂದರೆ ಮುಂದೆ ಅವಳ ಎಲ್ಲಾ ದಾಖಲೆಯಲ್ಲೂ ಇರುವುದು ಇದೇ.

ನಮ್ಮ ಕಡೆ "ತ" ಬರೆಯೋಕೆ ಟಿ ಮುಂದೆ ಎಚ್ ಹಾಕುತ್ತೇವೆ. ಉತ್ತರದವರು ಅದನ್ನು "ಥ" ಅಂತ ಓದುತ್ತಾರೆ. ಎಚ್ ಬಿಟ್ಟರೆ ನಮ್ಮವರೇ "ಟ" ಅಂತ ಓದುತ್ತಾರೆ. ಹಾಗಾಗಿ ಗೀತಾ, ತನ್ವಿ ಎಲ್ಲರೂ ಎರಡು ಸ್ಪೆಲ್ಲಿಂಗ್‌ಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. "ಋ" ಇರುವ ಹೆಸರಿನದೂ ಇದೇ ಗೋಳು. ನಾವು "ರು" ಅನ್ನುತ್ತೇವೆ, ಅವರು "ರಿ" ಅನ್ನುತ್ತಾರೆ. "ಳ" ಮತ್ತು "ಣ" ಇಂಗ್ಲಿಷಿಗೆ ಹೋದ ತಕ್ಷಣ ಲ, ನ ಆಗಿಬಿಡುತ್ತವೆ. ಇಳಾ ಅಂದರೆ ಭೂಮಿ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲರೂ ಇಲಾ ಅಂತ ಓದುತ್ತಾರೆ. ನಮ್ಮ ಮಗಳ ಹೆಸರಿನಲ್ಲೂ ಒಂದು "ಳ" ಇದೆ. ಒಂದು ಕಚೇರಿಯಲ್ಲಿ ಇಂಗ್ಲಿಷ್ ಅರ್ಜಿ ನೋಡಿಕೊಂಡು ಕನ್ನಡದಲ್ಲಿ "ಲ" ಬರೆದುಕೊಟ್ಟರು. ಅದನ್ನು ತಿದ್ದಿಸಲು ಮೂರು ಸಲ ಹೋಗಬೇಕಾಯಿತು. ಆದರೂ "ಳ" ಬೇಡ ಅಂತ ನಾನು ಹೇಳುವುದಿಲ್ಲ. ನಾಲಿಗೆ ಮಡಚಿ ಹೇಳುವ ಆ ಅಕ್ಷರ ನಮ್ಮದು, ಇಂಗ್ಲಿಷಿಗೆ ಬಾರದು ಅಂತ ನಾವು ಬಿಟ್ಟುಕೊಡಬಾರದು. ಅರ್ಜಿ ಕೊಡುವಾಗ ಕನ್ನಡದಲ್ಲೂ ದೊಡ್ಡದಾಗಿ ಬರೆದುಕೊಡಿ, ಪ್ರಿಂಟ್ ತೆಗೆಯುವ ಮೊದಲು ಪರದೆ ಮೇಲೆ ಓದಿ ನೋಡಿ.

ಇನಿಷಿಯಲ್ ಸಾಕಾ, ಸರ್‌ನೇಮ್ ಬೇಕಾ?

ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ, ಊರಿನ ಹೆಸರು, ಅಪ್ಪನ ಹೆಸರು ಒಂದೊಂದು ಅಕ್ಷರವಾಗಿ ಮುಂದೆ ಕೂರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಪೂರ್ತಿ ಬರೆಯಬೇಕಾಗುತ್ತದೆ. ಒಂದೇ ಪದದ ಹೆಸರು ನೋಡೋಕೆ ಚೆಂದ, ಆದರೆ ಹೊರದೇಶದಲ್ಲಿ ತೊಡಕಾಗುತ್ತದೆ. ಅಮೆರಿಕದ ವೀಸಾದಲ್ಲಿ ಇರುವ ಒಂದು ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರೆಯುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. 2022ರ ನವೆಂಬರ್‌ನಲ್ಲಿ ಯುಎಇ ಕೂಡ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ವಿಷಯದಲ್ಲಿ ಬಿಗಿ ಮಾಡಿತು. ಹಾಗಾಗಿ ಎರಡು ಪದ ಇರಲಿ. ಎರಡನೆಯದು ಅಪ್ಪನದ್ದೇ ಆಗಬೇಕಿಲ್ಲ. ಅಮ್ಮನ ಹೆಸರಾಗಬಹುದು, ಊರಾಗಬಹುದು.

ಜನನ ಪ್ರಮಾಣ ಪತ್ರಕ್ಕೆ ತಕ್ಷಣ ಹೆಸರು ಕೊಡಬೇಕಾ?

ಅವಸರ ಬೇಡ. ಜನನವನ್ನು 21 ದಿನದ ಒಳಗೆ ತಿಳಿಸಬೇಕು, ಹೆರಿಗೆ ಆಸ್ಪತ್ರೆಯಲ್ಲಾದರೆ ಅವರೇ ತಿಳಿಸುತ್ತಾರೆ. ಆದರೆ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ. ನೋಂದಣಿಯಾದ ಮೇಲೆ 12 ತಿಂಗಳ ತನಕ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದ ತನಕ ಶುಲ್ಕ ಕಟ್ಟಿ ಸೇರಿಸಬಹುದು.

ಡಿಸ್ಚಾರ್ಜ್ ದಿನ ಯಾರೋ ಫಾರಂ ಮುಂದೆ ಹಿಡಿದರು ಅಂತ ಸುಸ್ತಾಗಿರುವಾಗ ಯಾವುದೋ ಹೆಸರು ಬರೆಸಬೇಡಿ. ಸೇರಿಸುವುದು ಸುಲಭ, ಬದಲಿಸುವುದು ಕಷ್ಟ. ಅದರಲ್ಲೂ 2023ರ ತಿದ್ದುಪಡಿ ಆದ ಮೇಲೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಊರಿನ ಆಧಾರ ಈ ಪ್ರಮಾಣ ಪತ್ರವೇ. ಅದರಲ್ಲಿರುವ ಹೆಸರೂ ಸರಿ ಇರಬೇಕು. ಹಾಗಂತ ವರ್ಷಗಟ್ಟಲೆ ಬಿಡಬೇಡಿ, ಶಾಲೆಗೆ ಸೇರಿಸುವ ಮೊದಲು ಮುಗಿಸಿ.

ನಾವು ಆರಿಸಿದ ಹೆಸರನ್ನು ನಾದಿನಿ ತನ್ನ ಮಗಳಿಗೆ ಇಟ್ಟುಬಿಟ್ಟಳು.

ಬೇಜಾರಾಗುತ್ತದೆ, ಆಗಲೇಬೇಕು. ಆದರೆ ಹೆಸರಿಗೆ ಮುಂಗಡ ಬುಕಿಂಗ್ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಇಂಚರ ಇದ್ದರೂ ನಡೆಯುತ್ತದೆ, ಹಿಂದೆ ಒಂದೇ ಮನೆಯಲ್ಲಿ ದೊಡ್ಡ ಲಕ್ಷ್ಮಿ, ಚಿಕ್ಕ ಲಕ್ಷ್ಮಿ ಇರುತ್ತಿದ್ದರಲ್ಲ. ಮನಸ್ಸು ಒಪ್ಪದಿದ್ದರೆ ನಿಮ್ಮ ಪಟ್ಟಿಯ ಎರಡನೇ ಹೆಸರನ್ನು ಒಂದು ವಾರ ಕರೆದು ನೋಡಿ.

ಮನೆಯ ಹಿರಿಯರು ನಮ್ಮ ಹೆಸರು ಒಪ್ಪುತ್ತಿಲ್ಲ.

ಮೊದಲು ಅವರಿಗೆ ಏನು ಹಿಡಿಸಲಿಲ್ಲ ಅಂತ ಕೇಳಿ. ದೇವರ ಹೆಸರು ಇಲ್ಲ ಅನ್ನುವ ಕೊರಗಾ, ಹೇಳಲು ಬರುವುದಿಲ್ಲ ಅನ್ನುವ ಮುಜುಗರವಾ, ತಮ್ಮನ್ನು ಯಾರೂ ಕೇಳಲೇ ಇಲ್ಲ ಅನ್ನುವ ನೋವಾ? ಬಹಳ ಸಲ ಮೂರನೆಯದೇ. ಮೂರು ಹೆಸರು ಮುಂದಿಟ್ಟು "ಅತ್ತೆ, ಇದರಲ್ಲಿ ಯಾವುದು ಕರೆಯೋಕೆ ಚೆನ್ನಾಗಿದೆ, ನೀವೇ ಹೇಳಿ" ಅಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಮೂರೂ ನಿಮಗೆ ಇಷ್ಟವಾದವೇ ಆಗಿರಲಿ. ನಾಮಕರಣದಲ್ಲಿ ಅವರ ಮನಸ್ಸಿನ ಹೆಸರನ್ನೂ ಇಡಿ. ಅವರು ಹಾಗೇ ಕರೆಯಲಿ, ಒಂದು ಮಗುವಿಗೆ ಎರಡು ಮೂರು ಹೆಸರಿನ ಪ್ರೀತಿ ಸಿಗಲಿ.

ಆದರೆ ದಾಖಲೆಯ ಹೆಸರಿನ ಕೊನೆಯ ಮಾತು ಮಗುವಿನ ಅಮ್ಮ ಅಪ್ಪನದ್ದು. ಅದರಲ್ಲೂ ಅಮ್ಮನಿಗೆ ಬೇಡವಾದ ಹೆಸರು ಇಡಬೇಡಿ. ದಿನಕ್ಕೆ ನೂರು ಸಲ ಕರೆಯುವವಳು ಅವಳೇ.

ದೊಡ್ಡವಳಾದ ಮೇಲೆ ಅವಳಿಗೇ ಹೆಸರು ಇಷ್ಟವಾಗದಿದ್ದರೆ?

ಬದಲಿಸಿಕೊಳ್ಳಬಹುದು. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಗೆಜೆಟ್‌ನಲ್ಲಿ ಹಾಕಿಸುವ ದಾರಿ ಇದೆ. 2011ರಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ "ನಕೋಶಿ", ಅಂದರೆ "ಬೇಡವಾದವಳು" ಅಂತ ಹೆಸರಿದ್ದ ಇನ್ನೂರೆಂಬತ್ತಕ್ಕೂ ಜಾಸ್ತಿ ಹುಡುಗಿಯರಿಗೆ ಒಟ್ಟಿಗೆ ಹೊಸ ಹೆಸರು ಕೊಟ್ಟರು. ಹೆಣ್ಣು ಹುಟ್ಟಿತಲ್ಲ ಅನ್ನುವ ಸಿಟ್ಟನ್ನು ಮಗುವಿನ ಹೆಸರಾಗಿಯೇ ಇಟ್ಟಿದ್ದರು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನೀವು ಹೆಸರಿಗಾಗಿ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ ಅಂದರೆ ನಿಮ್ಮ ಮಗಳು ಬೇಕಾಗಿ ಬಂದವಳು.

ನನ್ನ ಮಗಳಿಗೆ ಈಗ ಆರು ವರ್ಷ. ಹೋದ ತಿಂಗಳು ಸ್ಕೂಲಿನಿಂದ ಬಂದು, ತನ್ನ ಹೆಸರನ್ನು ಹೊಸ ಮಿಸ್ಸಿಗೆ "ಳ" ಹೇಗೆ ಹೇಳಬೇಕು ಅಂತ ತಾನೇ ಹೇಳಿಕೊಟ್ಟೆ ಅಂದಳು. ಮಿಸ್ಸು ಮೂರನೇ ಸಲಕ್ಕೆ ಸರಿಯಾಗಿ ಹೇಳಿದರಂತೆ.